ಖಾಲಿ ಕೊಡದ ಕೆಮ್ಮು

ಕಾಜಾ ಅಕ್ಕನ ಮನೆಯವರನ್ನು ಆ ಕಟ್ಟಡದಲ್ಲಿ ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ. ಅವರು ಇದ್ದಾರೆಂಬುದರಲ್ಲಿ ಅನುಮಾನ ಪಟ್ಟವರೂ ಇರಲಿಲ್ಲ. ಮೂರನೆಯ ಮಹಡಿಯ ಮೂಲೆಯ ಬಾಗಿಲ ಮುಂದೆ ಅವರ ಬೂಟುಗಳು ಇರುತ್ತಿದ್ದವು, ಒಂದೊಂದೂ ಸಣ್ಣ ದೋಣಿಯಷ್ಟು. ತಾರಸಿಯ ತಂತಿಯ ಮೇಲೆ ವಾರಕ್ಕೊಮ್ಮೆ ಅವರ ಅಂಗಿ ತೋಳು ಚಾಚಿಕೊಂಡು ಒಣಗುತ್ತಿತ್ತು. ಸಂಜೆ ಹೊತ್ತು ಯಾರಾದರೂ ಆ ಬಾಗಿಲ ಹತ್ತಿರ ಸುಳಿದರೆ ಒಳಗಿನಿಂದ ಒಂದು ಕೆಮ್ಮು ಬರುತ್ತಿತ್ತು, ಬಾವಿಯೊಳಗಿಂದ ಎದ್ದು ಬಂದ ಹಾಗೆ.

ರಾತ್ರಿ ಪಾಳಿಯವರಂತೆ, ಹಗಲೆಲ್ಲ ಮಲಗಿರುತ್ತಾರಂತೆ, ಮೂಗಿನ ತುದಿಯಲ್ಲೇ ಕೋಪವಂತೆ. ಹೀಗೆ ಅಂತೆ ಕಂತೆಗಳ ತುಂಡುಗಳನ್ನು ಒಂದಕ್ಕೊಂದು ಹೊಲಿದು ಕಟ್ಟಡದವರೇ ಆ ಮನುಷ್ಯನಿಗೊಂದು ಮೈ ಕೊಟ್ಟಿದ್ದರು.

ಅಸಲಿಗೆ ಅಂಥ ಮನುಷ್ಯ ಹುಟ್ಟಿಯೇ ಇರಲಿಲ್ಲ.

ಕಾಜಾ ಅಕ್ಕ ಗಂಡಸರ ಬಟ್ಟೆ ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಗುಂಡಿ ತೂರುವುದಕ್ಕೆ ಬಟ್ಟೆಯಲ್ಲಿ ಸೀಳು ಮಾಡಿ, ಆ ಸೀಳು ಹರಿದುಕೊಂಡು ಹೋಗದ ಹಾಗೆ ಸುತ್ತಲೂ ದಾರದಿಂದ ಬಿಗಿಯುವುದಕ್ಕೆ ಕಾಜಾ ಎನ್ನುತ್ತಾರೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಅವಳದು ಅದೇ ಕೆಲಸ, ಹಾಗಾಗಿ ಅದೇ ಹೆಸರು. ಹೆತ್ತವರು ಇಟ್ಟ ಹೆಸರನ್ನು ಕರೆಯುವವರು ಈಗ ಯಾರೂ ಉಳಿದಿರಲಿಲ್ಲ. ಮನೆಯವರ ಅಂಗಿ ಆ ಅಂಗಡಿಯಿಂದಲೇ ಬಂದದ್ದು. ಯಾರೋ ಹೊಲಿಯಲು ಕೊಟ್ಟು, ಒಯ್ಯಲು ಬರಲೇ ಇಲ್ಲ. ಟೈಲರ್ ಮಾಸ್ಟರ್ ಅದನ್ನು ಎತ್ತಿ ಹಿಡಿದು, "ಇದೇನು ಅಂಗಿಯೋ ಗುಡಾರವೋ! ಯಾರಿಗಾಗುತ್ತೆ ಇದು?" ಎಂದಾಗ ಅವಳು, "ನಮ್ಮನೆಯವರಿಗೆ ಸರಿಹೋಗುತ್ತೆ ಬಿಡಿ" ಎಂದು ಕೇಳಿ ತಂದಿದ್ದಳು. ಬೂಟು ಗುಜರಿಯ ರಾಶಿಯದು. ಇದ್ದುದರಲ್ಲಿ ಎಲ್ಲಕ್ಕಿಂತ ದೊಡ್ಡ ಜೋಡಿಯನ್ನೇ ಆರಿಸಿದ್ದಳು. ಕಾಲು ಎಷ್ಟು ದೊಡ್ಡದೋ ಭಯ ಅಷ್ಟು ದೊಡ್ಡದು.

ಈ ವಿದ್ಯೆ ಕಲಿಸಿದವಳು ತಾಯಿ. ಅಪ್ಪ ತೀರಿಕೊಂಡ ಮೇಲೂ ಆಕೆ ಅವನ ಬೂಟನ್ನು ಬಾಗಿಲಿಂದ ಎತ್ತಿರಲಿಲ್ಲ. "ಚಿಲಕ ಇರೋದು ಕಳ್ಳನಿಗೆ ಕಣೇ. ಬೂಟು ಇರೋದು ಮರ್ಯಾದಸ್ಥನಿಗೆ" ಎನ್ನುತ್ತಿದ್ದಳು. ಮಗಳಿಗೆ ಆಗ ಅದು ಅರ್ಥವಾಗಿರಲಿಲ್ಲ.

ತಾಯಿಯೂ ಹೋದ ಮೇಲೆ ಅರ್ಥವಾಯಿತು. ಆಗ ಬೇರೊಂದು ಬಾಡಿಗೆ ಮನೆ. ಒಂದು ಮಧ್ಯಾಹ್ನ ಮನೆ ಮಾಲೀಕನ ಭಾಮೈದ ನೀರು ಕೇಳಿಕೊಂಡು ಬಂದ. ನೀರು ಕುಡಿದ, ಲೋಟ ಕೊಟ್ಟ. ಬಾಗಿಲು ಹಾಕಹೋದರೆ ಸಂದಿಯಲ್ಲಿ ಅವನ ಪಾದವಿತ್ತು. ಅವಳು ಬಾಗಿಲು ಒತ್ತಿದಳು. ಅವನು ನಗುತ್ತಲೇ ಇದ್ದ, ಪಾದವೂ ಅಲ್ಲಿಯೇ ಇತ್ತು. ಮೆಟ್ಟಿಲಲ್ಲಿ ಯಾರೋ ಬಂದ ಸದ್ದಾಗಿ ಅವನು ಪಾದ ಹಿಂದಕ್ಕೆ ತೆಗೆದುಕೊಂಡ. ನಡೆದದ್ದು ಅಷ್ಟೇ. ಆ 'ಅಷ್ಟೇ'ಯನ್ನು ಅವಳು ಯಾರ ಹತ್ತಿರವೂ ಹೇಳಲಿಲ್ಲ. ಹೇಳಿದರೆ ಅವರೂ 'ಅಷ್ಟೇ ತಾನೆ' ಎನ್ನುತ್ತಿದ್ದರು. ಆ ವಾರವೇ ಮನೆ ಬಿಟ್ಟು, ಈ ಕಟ್ಟಡಕ್ಕೆ ಬರುವಾಗ ಗುಜರಿಯ ಆ ಬೂಟುಗಳನ್ನು ಕೊಂಡು ತಂದಳು.

ಇಲ್ಲದ ಗಂಡನನ್ನು ಸಾಕುವುದು ಇರುವ ಗಂಡನನ್ನು ಸಾಕುವುದಕ್ಕಿಂತ ಸುಲಭವೇನಲ್ಲ. ಬೂಟು ಒಂದೇ ಕಡೆ ಬಿದ್ದಿದ್ದರೆ ದೂಳು ಕೂತು ಗುಟ್ಟು ರಟ್ಟಾಗುತ್ತದೆ. ಹಾಗಾಗಿ ಬೆಳಿಗ್ಗೆ ಒಳಮುಖ, ಸಂಜೆ ಹೊರಮುಖ ಮಾಡಿಡಬೇಕು. ಆಗಾಗ ಮೂತಿಗೆ ಬಟ್ಟೆ ಚೂರು ತುರುಕಿ, ತಾನೇ ಕಾಲಿಗೆ ಹಾಕಿಕೊಂಡು ಕೋಣೆಯಲ್ಲಿ ದಡ್ ದಡ್ ಎಂದು ನಡೆಯಬೇಕು. ಒಮ್ಮೆ ತಾರಸಿಯಲ್ಲಿ ಬಟ್ಟೆ ಒಣಹಾಕುವಾಗ ಕೆಳಮನೆಯಾಕೆ ಅಂಗಿಯ ಕಾಲರು ಹಿಡಿದು ನೋಡಿ, "ಅಲ್ಲ ತಾಯಿ, ನಿಮ್ಮನೆಯವರ ಕಾಲರು ಕೊಳೆಯೇ ಆಗಲ್ವಲ್ಲ! ನಮ್ಮವರದು ಎತ್ತಿನ ಕೊರಳ ಹಗ್ಗ ಆಗಿರುತ್ತೆ. ಉಜ್ಜಿ ಉಜ್ಜಿ ನನ್ನ ಕೈ ಬಿದ್ದುಹೋಯ್ತು" ಎಂದು ನಕ್ಕಳು. ಕಾಜಾ ಅಕ್ಕನೂ ನಕ್ಕಳು. ಆದರೆ ಅಂದಿನಿಂದ ವಾರಕ್ಕೊಂದು ರಾತ್ರಿ ಆ ಅಂಗಿಯನ್ನು ತಾನೇ ತೊಟ್ಟು ಮಲಗತೊಡಗಿದಳು, ಕಾಲರಿಗೆ ಕೊಳೆಯಾಗಲಿ ಎಂದು. ಅಷ್ಟು ದೊಡ್ಡ ಅಂಗಿಯೊಳಗೆ ಒಬ್ಬಳೇ ಮಲಗಿದರೆ ಯಾರದೋ ಖಾಲಿ ಮನೆಯನ್ನು ಕಾಯುತ್ತಿರುವಂತೆ ಅನಿಸುತ್ತಿತ್ತು.

ಕೆಮ್ಮು ಮಾತ್ರ ಅವಳದೇ ಸಂಶೋಧನೆ. ಖಾಲಿ ಕೊಡದ ಬಾಯಿಗೆ ಬಾಯಿ ಇಟ್ಟು, ಹೊಟ್ಟೆಯಿಂದ ಉಸಿರೆತ್ತಿ ಕೆಮ್ಮಿದರೆ ತೂಕದ ಗಂಡಸೊಬ್ಬ ಎದ್ದು ಕೂತಂತಾಗುತ್ತಿತ್ತು. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ. ಖಾಲಿ ಕೊಡ ಕೆಮ್ಮುತ್ತದೆ ಎಂಬುದು ಲೋಕಕ್ಕೆ ಗೊತ್ತಿರಲಿಲ್ಲ.

ದೇವರ ಹತ್ತಿರ ಅವಳು ಏನನ್ನೂ ಮುಚ್ಚಿಟ್ಟವಳಲ್ಲ. ಸಂಜೆ ಕೈ ಮುಗಿದು ಕೂತಾಗ, "ಸುಳ್ಳು ಹೇಳ್ತಿದ್ದೀನಪ್ಪಾ, ಹೊಟ್ಟೆಗೆ ಹಾಕ್ಕೋ. ನೀನೂ ಕಣ್ಣಿಗೆ ಕಾಣೋನಲ್ಲ, ನಮ್ಮನೆಯವರೂ ಕಣ್ಣಿಗೆ ಕಾಣೋರಲ್ಲ. ಇಬ್ಬರೂ ಸೇರಿ ನನ್ನ ಬಾಗಿಲು ಕಾಯಿರಿ" ಎಂದು ಬೇಡುತ್ತಿದ್ದಳು.

ಅವರಿಬ್ಬರೂ ಕಾದರು. ಆ ಬಾಗಿಲಿಗೆ ಯಾವ ಪಾದವೂ ಅಡ್ಡ ಬರಲಿಲ್ಲ. ಕೆಟ್ಟವರು ಬರಲಿಲ್ಲ, ಒಳ್ಳೆಯವರೂ ಬರಲಿಲ್ಲ. ಗಂಡಸು ಮಲಗಿರುವ ಮನೆಗೆ ಹರಟೆ ಹೊಡೆಯಲು ಯಾವ ಹೆಂಗಸು ಬಂದಾಳು? ಅವಳ ಕೋಣೆಯಲ್ಲಿ ಎರಡು ಕುರ್ಚಿಗಳಿದ್ದವು. ಒಂದರಲ್ಲಿ ಅವಳು ಕೂರುತ್ತಿದ್ದಳು, ಇನ್ನೊಂದರ ಮೇಲೆ ಮಡಚಿದ ಬಟ್ಟೆ ಇರುತ್ತಿತ್ತು. ಕೂದಲು ನರೆಯುವಷ್ಟು ಕಾಲ ಆ ಬಟ್ಟೆಯನ್ನು ಎತ್ತಿಡುವ ಸಂದರ್ಭವೇ ಬರಲಿಲ್ಲ. ಮಾತಾಡಬೇಕು ಅನಿಸಿದಾಗ ಇಲ್ಲದವನ ಜೊತೆಯಲ್ಲೇ ಆಡುತ್ತಿದ್ದಳು. "ರೀ, ಇವತ್ತು ಮಾಸ್ಟರಿಗೆ ಹಲ್ಲುನೋವು. ಯಾರನ್ನೂ ಬಯ್ಯಲಿಲ್ಲ ಪಾಪ." ಉತ್ತರ ಬರುತ್ತಿರಲಿಲ್ಲ. ಬೇರೆ ಮನೆಗಳಲ್ಲೂ ಅಷ್ಟೇ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ಹೀಗಿರುವಾಗ ಪಕ್ಕದ ಕೋಣೆಗೆ ಒಂದು ಹುಡುಗಿ ಬಾಡಿಗೆಗೆ ಬಂದಳು. ಕನ್ನಡಕದ ಅಂಗಡಿಯಲ್ಲಿ ಕೆಲಸ. ಅಂಗಡಿ ಮುಚ್ಚಿ ಬರುವಾಗ ಕತ್ತಲು ಕವಿಯುತ್ತಿರುತ್ತಿತ್ತು. ಮೆಟ್ಟಿಲು ಹತ್ತುವಾಗಲೆಲ್ಲ ಅವಳ ಫೋನು ಕಿವಿಯಲ್ಲೇ. "ಹ್ಞೂಂ ಅಣ್ಣಾ, ಬಂದೇ ಬಿಟ್ಟೆ. ಬಾಗಿಲಲ್ಲೇ ನಿಂತಿದ್ದೀಯಾ? ಅಲ್ಲೇ ಇರು." ಬೀಗ ತೆರೆಯುವ ಸದ್ದು, ಚಿಲಕದ ಸದ್ದು, ಆಮೇಲೆ ಮೌನ. ಗೋಡೆ ತೆಳು. ಆ ಕೋಣೆಯಲ್ಲಿ ಅಣ್ಣನ ದನಿ ಒಂದು ದಿನವೂ ಕೇಳಲಿಲ್ಲ.

ಒಂದು ಸಂಜೆ ಹುಡುಗಿ, "ಅಣ್ಣಾ, ಟೀಗೆ ಇಡು" ಎನ್ನುತ್ತ ಮೇಲೆ ಬರುತ್ತಿರುವಾಗಲೇ, ಅವಳ ಕಿವಿಯಲ್ಲಿದ್ದ ಅದೇ ಫೋನು ಟ್ರಿಣ್ ಟ್ರಿಣ್ ಎಂದು ಬಡಿದುಕೊಂಡಿತು. ಮಾತಾಡುತ್ತಿರುವ ಫೋನು ರಿಂಗಾಗುವುದುಂಟೆ? ಹುಡುಗಿ ಬೆಚ್ಚಿ ಅದನ್ನು ಒತ್ತಿ ಆರಿಸಿದಳು. ಬಾಗಿಲ ಹಿಂದೆ ಕಾಜಾ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಗೋಡೆಯ ಈಚೆ ಇಲ್ಲದ ಗಂಡ, ಆಚೆ ಇಲ್ಲದ ಅಣ್ಣ! "ರೀ, ಪಕ್ಕದಲ್ಲಿ ನಿಮಗೊಬ್ಬ ಜೊತೆಗಾರ ಸಿಕ್ಕಿದ ನೋಡಿ" ಎಂದಳು. ನಗು ಮುಗಿದ ಮೇಲೆ ಅದೇಕೋ ಸೂಜಿಗೆ ದಾರ ಪೋಣಿಸುವುದು ಕಷ್ಟವಾಯಿತು.

ಹೇಳಿಬಿಡಬಹುದಿತ್ತು. ಬಾಗಿಲು ತೆರೆದು, "ಬಾ ತಾಯಿ, ನಾನೂ ಒಂಟಿ" ಎನ್ನಬಹುದಿತ್ತು. ಆದರೆ ಒಬ್ಬರಿಗೆ ಹೇಳಿದ ಗುಟ್ಟು ಗಾಳಿಗೆ ಕೊಟ್ಟ ಹೊಟ್ಟು. ಈ ಬೂಟಿನ ಹಿಂದೆ ಗಂಡಸಿಲ್ಲವೆಂದು ಕಟ್ಟಡಕ್ಕೆ ತಿಳಿದರೆ ನಾಳೆಯಿಂದ ಬಾಗಿಲು ಬರೀ ಹಲಗೆ. ಹಾಗಾಗಿ ಮೆಟ್ಟಿಲಲ್ಲಿ ಎದುರಾದಾಗ ನಗುವಷ್ಟಕ್ಕೇ ಉಳಿದಳು. ಹುಡುಗಿಯೂ ನಗುತ್ತಿದ್ದಳು. ಆದರೆ ಅವಳ ಕಣ್ಣು ಬೂಟಿನ ಮೇಲೆ ಹೋಗುತ್ತಿತ್ತು. ಆ ಬಾಗಿಲನ್ನು ದಾಟುವಾಗ ಎದುರು ಗೋಡೆಗೆ ಮೈ ಒರೆಸಿಕೊಂಡಂತೆ ನಡೆಯುತ್ತಿದ್ದಳು. ಕಾಜಾ ಅಕ್ಕ ಅದನ್ನು ಕಂಡೂ, ಬೂಟು ತನ್ನ ಕೆಲಸ ಮಾಡುತ್ತಿದೆ ಎಂದುಕೊಂಡಳು.

ಆ ದಿನಗಳಲ್ಲೇ ಒಬ್ಬ ಗಂಡಸು ಎದುರಿನ ಅಂಗಡಿಯ ನೆರಳಿನಲ್ಲಿ ನಿಲ್ಲತೊಡಗಿದ. ಇಸ್ತ್ರಿ ಮಾಡಿದ ಬಟ್ಟೆ, ಹೆಗಲಿಗೆ ಚೀಲ. ಹುಡುಗಿ ಬಸ್ಸಿಳಿದರೆ ಅವನೂ ಇಳಿಯುತ್ತಿದ್ದ. ಮೊದಮೊದಲು ರಸ್ತೆಯಾಚೆ. ಆಮೇಲೆ ಗೇಟು. ಆಮೇಲೆ ಮೊದಲ ಮೆಟ್ಟಿಲು. ಕೆಳಮನೆಯಾಕೆ ಕೇಳಿದರೆ, ಯಾರನ್ನೋ ಹುಡುಕುತ್ತಿದ್ದೇನೆ ಅಂದನಂತೆ. "ನೋಡೋಕೆ ಪರಮ ಸಾಧು. 'ನಮಸ್ಕಾರ ಅಮ್ಮ' ಅಂತ ಕೈ ಬೇರೆ ಮುಗಿದ" ಎಂದು ಆಕೆ ಕಾಜಾ ಅಕ್ಕನಿಗೆ ಹೇಳಿದಳು. ಕಾಜಾ ಅಕ್ಕನಿಗೆ ಆ ಸಾಧುವಿನ ಮುಖ ಬೇಕಿರಲಿಲ್ಲ, ಅಂಥವರ ಪಾದದ ಗುರುತಿತ್ತು.

ಒಂದು ಸಂಜೆ, ದೀಪ ಹಾಕುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಕಾಜಾ ಅಕ್ಕ ಕೈ ಮುಗಿದು ಕೂತಿದ್ದಳು. ಮೆಟ್ಟಿಲಲ್ಲಿ ಹುಡುಗಿಯ ಹೆಜ್ಜೆ ಕೇಳಿಸಿತು. "ಅಣ್ಣಾ, ಬಾಗಿಲಲ್ಲೇ ಇದ್ದೀಯಲ್ಲ? ಅಣ್ಣಾ, ದೀಪ ಹಿಡ್ಕೋ." ದನಿ ಎಂದಿಗಿಂತ ಜೋರಾಗಿತ್ತು, ಕೊನೆಯಲ್ಲಿ ಒಡೆದಿತ್ತು. ಆ ಹೆಜ್ಜೆಯ ಹಿಂದೆ ಇನ್ನೊಂದು ಹೆಜ್ಜೆ. ಅದಕ್ಕೆ ಅವಸರವೇನೂ ಇರಲಿಲ್ಲ. ಇದು ನಿಂತರೆ ಅದೂ ನಿಲ್ಲುತ್ತಿತ್ತು. ಮೂರನೆಯ ಮಹಡಿಗೆ ಬಂದು ಹುಡುಗಿ ಕತ್ತಲಲ್ಲಿ ಬೀಗಕ್ಕೆ ತಡಕಾಡಿದಳು. ಬೀಗದ ಕೈ ಕಿಣಿಕಿಣಿ ಎಂದಿತೇ ಹೊರತು ತಿರುಗಲಿಲ್ಲ. ಹಿಂದಿನ ಹೆಜ್ಜೆ ಕೊನೆಯ ಮೆಟ್ಟಿಲಿಗೆ ಬಂತು.

ಬಾಗಿಲು ತೆರೆಯಬೇಕು ಎಂದು ಕಾಜಾ ಅಕ್ಕನಿಗೆ ಹೊಳೆಯಲೇ ಇಲ್ಲ. ಜೀವಮಾನವಿಡೀ ಬಾಗಿಲು ಮುಚ್ಚುವುದನ್ನೇ ಅಭ್ಯಾಸ ಮಾಡಿದ ಕೈಗೆ ತೆರೆಯುವುದು ಮರೆತುಹೋಗಿತ್ತು. ಅವಳು ತನಗೆ ಬರುತ್ತಿದ್ದ ಒಂದೇ ವಿದ್ಯೆಯನ್ನು ಮಾಡಿದಳು. ಕೊಡ ಎತ್ತಿಕೊಂಡು ಬಾಗಿಲಿಗೆ ಒತ್ತಿ ನಿಂತು, ಉಸಿರು ಇರುವಷ್ಟೂ ಕೆಮ್ಮಿದಳು. "ಯಾವನೋ ಅವನು!" ಎಂದು ಕೊಡದೊಳಗೆ ಗುಡುಗಿದಳು.

ಗಂಡಸಿನ ಹೆಜ್ಜೆ ತಿರುಗಿತು. ದಡದಡನೆ ಇಳಿದುಹೋಯಿತು. ಕಾಜಾ ಅಕ್ಕನಿಗೆ ಗೆದ್ದ ಹಿಗ್ಗು. ಆದರೆ ಅದೇ ಗಳಿಗೆಯಲ್ಲಿ ಹುಡುಗಿಯ ಹೆಜ್ಜೆಯೂ ಓಡಿತು, ಮೇಲಕ್ಕೆ. ತಾರಸಿಯ ಕಬ್ಬಿಣದ ಬಾಗಿಲು ಧಡಾರೆಂದಿತು. ಆಚೆಯಿಂದ ಅಗುಳಿ ಬಿತ್ತು.

ಟಾರ್ಚು ಹಿಡಿದು ಹೊರಬಂದರೆ ಪಕ್ಕದ ಬಾಗಿಲ ಬೀಗದಲ್ಲಿ ಬೀಗದ ಕೈ ಇನ್ನೂ ತೂಗಾಡುತ್ತಿತ್ತು. ಇನ್ನೊಂದು ಸುತ್ತು ತಿರುಗಿಸಿದ್ದರೆ ಹುಡುಗಿ ತನ್ನ ಮನೆಯೊಳಗೆ ಇರುತ್ತಿದ್ದಳು. ಆಗ ಕಾಜಾ ಅಕ್ಕನಿಗೆ ತಾನು ಮಾಡಿದ್ದು ತಿಳಿಯಿತು. ಹಿಂದೆ ಒಬ್ಬ, ಮುಂದಿನ ಬಾಗಿಲಲ್ಲಿ ಒಬ್ಬ. ಪಾಪ, ಮಗುವಿಗೆ ಇಬ್ಬರೂ ಗಂಡಸರೇ. ಒಬ್ಬ ಬರೀ ಕೊಡವೆಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಮೆಟ್ಟಿಲು ಹತ್ತಿ ಕಬ್ಬಿಣದ ಬಾಗಿಲು ತಟ್ಟಿದಳು. "ಮಗಳೇ, ನಾನು. ಪಕ್ಕದ ಮನೆಯವಳು. ಅವನು ಹೊರಟುಹೋದ. ತೆಗಿಯಮ್ಮ."

ಆಚೆಯಿಂದ ದನಿ ಬಂತು. "ನಿಮ್ಮನೆಯವರು ಎಲ್ಲಿದಾರೆ ಆಂಟಿ?"

"ಅವರಿಲ್ಲ ಕಣಮ್ಮ."

"ಈಗ ತಾನೆ ಕೂಗಿದ್ರಲ್ಲ?"

"ಅದು ನಾನೇ ಕೂಗಿದ್ದು."

"ಸುಳ್ಳು. ನಿಮ್ಮ ಪಕ್ಕದಲ್ಲೇ ನಿಂತಿದಾರೆ. ನನಗೆ ಭಯ ಆಗ್ತಿದೆ ಆಂಟಿ. ಅವರನ್ನ ಕೆಳಗೆ ಹೋಗೋಕೆ ಹೇಳಿ."

ಕೆಳಗಿನ ಮಹಡಿಗಳಲ್ಲಿ ಬಾಗಿಲುಗಳು ತೆರೆದುಕೊಳ್ಳುತ್ತಿದ್ದವು. ಕೆಳಮನೆಯಾಕೆ ಮೇಣದಬತ್ತಿ ಹಿಡಿದು, "ಏನ್ರೀ ಅದು ಗದ್ದಲ?" ಎನ್ನುತ್ತ ಹತ್ತಿ ಬರುವುದು ಕಾಣುತ್ತಿತ್ತು. ಕಾಜಾ ಅಕ್ಕ ಕಬ್ಬಿಣಕ್ಕೆ ತುಟಿ ತಾಗಿಸಿ ಪಿಸುಗುಟ್ಟಿದಳು. ಆ ದಪ್ಪ ಬಾಗಿಲ ಆಚೆ ಪಿಸುಮಾತು ಹೋಗಲಿಲ್ಲ. "ಕೇಳಿಸ್ತಿಲ್ಲ!" ಎಂದು ಹುಡುಗಿ ಅಳುತ್ತ ಅರಚಿದಳು.

ಕಾಜಾ ಅಕ್ಕ ಒಮ್ಮೆ ಕೆಳಗೆ ನೋಡಿದಳು. ಮೆಟ್ಟಿಲ ಸುರುಳಿಯ ಉದ್ದಕ್ಕೂ ಮುಖಗಳು. ಅವುಗಳಲ್ಲಿ ಗಂಡಸರ ಮುಖಗಳೂ ಇದ್ದವು. ದೇವರೇ, ಎಂದುಕೊಂಡಳು. ಆಮೇಲೆ ದನಿ ಎತ್ತಿದಳು.

"ನಮ್ಮನೆಯವರು ಅಂತ ಯಾರೂ ಇಲ್ಲ ಕಣೇ! ಇರಲೇ ಇಲ್ಲ! ನನಗೆ ಮದುವೇನೇ ಆಗಿಲ್ಲ! ಆ ಮನೇಲಿ ನಾನೊಬ್ಬಳೇ ಇರೋದು!"

ಮಾತು ಮೆಟ್ಟಿಲಿಂದ ಮೆಟ್ಟಿಲಿಗೆ ಉರುಳುತ್ತ ನೆಲಮಹಡಿಯ ತನಕ ಹೋಯಿತು. ಮೇಣದಬತ್ತಿ ಇದ್ದಲ್ಲೇ ನಿಂತಿತು.

"ಬೂಟು?" ಎಂದಳು ಹುಡುಗಿ ಆಚೆಯಿಂದ.

"ಗುಜರಿಯದು."

"ಕೆಮ್ಮು?"

"ಅದು... ಕೊಡ ಕಣಮ್ಮ."

"ಕೊಡಾನಾ?"

"ಹ್ಞೂಂ. ಖಾಲಿ ಕೊಡ. ಕೆಳಗಿದೆ, ಬೇಕಾದ್ರೆ ತಂದು ಕೆಮ್ಮಿ ತೋರಿಸ್ತೀನಿ."

ಆಚೆ ಕಡೆ ಒಂದು ಸದ್ದಾಯಿತು. ಅಳುವೋ ನಗುವೋ ತಿಳಿಯಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, "ನನ್ನ ಅಣ್ಣಾನೂ ಇಲ್ಲ ಆಂಟಿ."

"ಗೊತ್ತು ಕಣಮ್ಮ. ತೆಗಿ."

ಅಗುಳಿ ಸರಿಯಿತು.

ಹುಡುಗಿ ಕಾಜಾ ಅಕ್ಕನ ಕೋಣೆಗೆ ಬಂದರೂ ಕೂಡಲೇ ಕೂರಲಿಲ್ಲ. ಬಚ್ಚಲು ನೋಡಿದಳು. ಬೀರು ತೆರೆಸಿದಳು. ಬಗ್ಗಿ ಮಂಚದ ಕೆಳಗೂ ನೋಡಿದಳು. ಕಾಜಾ ಅಕ್ಕ ಬೇಸರಪಡದೆ ಅವಳು ನೋಡಿದಲ್ಲೆಲ್ಲ ಟಾರ್ಚು ಹಿಡಿದಳು. ಒಂದೇ ದಿಂಬು, ಒಂದೇ ತಟ್ಟೆ, ಗೋಡೆಗೆ ತೂಗುಹಾಕಿದ ಅಂಗಿ. ಎರಡನೆಯ ಕುರ್ಚಿಯ ಮೇಲಿನ ಬಟ್ಟೆಯನ್ನು ಎತ್ತಿ ಮಂಚದ ಮೇಲೆ ಹಾಕಿ, "ಕೂತ್ಕೋ" ಎಂದಳು.

ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನೀರು ಕುಡಿದ ಮೇಲೆ ಹುಡುಗಿ ಹೇಳಿದಳು: "ಹೋದ ವಾರಾನೂ ಬಂದಿದ್ದ. ಎರಡನೇ ಮಹಡಿ ತನಕ. ನಿಮ್ಮ ಬಾಗಿಲು ತಟ್ಟೋಣ ಅಂತ ಕೈ ಎತ್ತಿದ್ದೆ ಆಂಟಿ. ಬೂಟು ಕಾಣಿಸ್ತು, ಕೈ ಇಳಿಸಿದೆ. ಒಳಗಿಂದ ಕೆಮ್ಮಿದ್ರು ಬೇರೆ. ನನ್ನ ಬಾಗಿಲು ಯಾವುದು ಅಂತ ಅವನಿಗೆ ಗೊತ್ತಾಗಬಾರದು ಅಂತ ತಾರಸಿಗೆ ಓಡಿ ನೀರಿನ ಟ್ಯಾಂಕಿನ ಹಿಂದೆ ಕೂತ್ಕೊಂಡಿದ್ದೆ."

ಕಾಜಾ ಅಕ್ಕನಿಗೆ ಆ ಸಂಜೆ ನೆನಪಿತ್ತು. ಬಾಗಿಲ ಹತ್ತಿರ ಯಾರೋ ನಿಂತರೆಂದು ಕೆಮ್ಮಿದ್ದಳು. ಕೆಮ್ಮಿದೊಡನೆ ಹೆಜ್ಜೆ ಹೊರಟುಹೋಗಿತ್ತು. ಸದ್ಯ, ಎಂದು ದೇವರಿಗೆ ಕೈ ಮುಗಿದಿದ್ದಳು.

"ಠಾಣೆಗೆ ಹೋಗೋಣ. ನಾನೂ ಬರ್ತೀನಿ" ಎಂದಳು.

"ಏನಂತ ಹೇಳೋದು ಆಂಟಿ? ಮೆಟ್ಟಿಲು ಹತ್ತಿದ ಅಂತಲಾ?" ಎಂದು ಹುಡುಗಿ ಲೋಟದ ತಳ ನೋಡಿದಳು.

ಮರುದಿನ ಹುಡುಗಿಯ ತಾಯಿ ಬಂದಳು. ಮಗಳನ್ನು ಅಪ್ಪಿ ಅತ್ತಳು. ಅತ್ತು ಮುಗಿಸಿ, "ಕೆಲಸಾನೂ ಬೇಡ, ಏನೂ ಬೇಡ" ಎಂದು ಸಾಮಾನು ಕಟ್ಟಿಸಿದಳು. ತಪ್ಪು ಮಾಡಿದವನು ತನ್ನ ಮನೆಯಲ್ಲಿ ಆರಾಮಾಗಿದ್ದ, ಮನೆ ಬಿಟ್ಟವಳು ಹುಡುಗಿ. ಹೊರಡುವಾಗ ಅವಳು ಕಾಜಾ ಅಕ್ಕನ ಕೈ ಹಿಡಿದು, "ಬೂಟು ಒಳಗೆ ತಗೋಬೇಡಿ ಆಂಟಿ" ಎಂದಳು. "ಹೊರಗಿಂದ ಬರೋ ಅಂಥವರಿಗೆ ಅದೊಂದು ಇರಲಿ" ಎಂದು ಸೇರಿಸಿದಳು. ಪಕ್ಕದ ಕೋಣೆಗೆ ಬೀಗ ಬಿತ್ತು. ಗೋಡೆಯ ಆಚೆಯ ಅಣ್ಣನೂ ಹೋದ.

ಬೂಟು ಇನ್ನು ಇದ್ದರೂ ಒಂದೇ, ಇರದಿದ್ದರೂ ಒಂದೇ, ಕಟ್ಟಡಕ್ಕೆಲ್ಲ ಗೊತ್ತಾಗಿತ್ತು. ಎರಡನೆಯ ಮಹಡಿಯ ಮೀಸೆಯವನು, ಎಂದೂ ತಲೆ ಎತ್ತಿ ನೋಡದವನು, ಮೆಟ್ಟಿಲಲ್ಲಿ ನಿಂತು, "ಓಹೋ, ಒಬ್ಬರೇನಾ ಇರೋದು?" ಎಂದು ಕೇಳಿದ. ಕೇಳಿದ್ದು ಮರ್ಯಾದೆಯಿಂದಲೇ. ಕಾಜಾ ಅಕ್ಕ ಗೋಡೆಗೆ ಮೈ ಒರೆಸಿಕೊಂಡಂತೆ ದಾಟಿಬಂದಳು, ಹುಡುಗಿ ದಾಟುತ್ತಿದ್ದ ಹಾಗೆ. ತಾರಸಿಯಲ್ಲಿ ಕೆಳಮನೆಯಾಕೆ ಸಿಕ್ಕಳು. ಬಟ್ಟೆ ಹಿಂಡುತ್ತಲೇ, ಮುಖ ನೋಡದೆ ಹೇಳಿದಳು: "ಎಷ್ಟು ಸಲ ಮೇಲೆ ಬರೋಣ ಅಂತ ಬಂದು, ನಿಮ್ಮನೆಯವರು ಮಲಗಿರ್ತಾರೆ ಅಂತ ಅರ್ಧ ಮೆಟ್ಟಿಲಿಂದ ವಾಪಸ್ಸಾಗಿದ್ದೀನಿ ಗೊತ್ತಾ? ನಮ್ಮವರು ಹೋದಾಗಲೂ ಒಂದು ಸಲ ಬಂದಿದ್ದೆ. ಯಾರ ಹತ್ರಾನಾದ್ರೂ ಕೂತು ಅಳಬೇಕಿತ್ತು ಕಣೇ."

ಕಾಜಾ ಅಕ್ಕ ಆ ಬಟ್ಟೆಯ ಇನ್ನೊಂದು ತುದಿ ಹಿಡಿದು ಹಿಂಡಿದಳು. ಆ ಸಂಜೆ ಕೊಡಕ್ಕೆ ನೀರು ತುಂಬಿಸಿಟ್ಟಳು. ಇಷ್ಟು ಕಾಲ ಕೆಲಸ ಮುಗಿಸಿ ಬಂದೊಡನೆ ಒಳಗೆ ಎತ್ತಿಡುತ್ತಿದ್ದ ತನ್ನ ಚಪ್ಪಲಿಯನ್ನು ಬಾಗಿಲ ಹೊರಗೆ, ಆ ದೋಣಿಯಂಥ ಬೂಟುಗಳ ಪಕ್ಕದಲ್ಲಿ ಬಿಟ್ಟಳು. ಎಷ್ಟು ಸಣ್ಣದಾಗಿ ಕಂಡವು ಅವು! ಒಳಗೆ ಬಂದು ಕೈ ಮುಗಿದು ಕೂತಳು. ರೂಢಿಯ ಮಾತು ನಾಲಗೆಗೆ ಬಂದು ಅರ್ಧಕ್ಕೆ ನಿಂತಿತು. "ಈಗ ನೀನೊಬ್ಬನೇ ಉಳಿದೆಯಪ್ಪಾ" ಎಂದಳು.

ಆಗ ಮೆಟ್ಟಿಲಲ್ಲಿ ಹೆಜ್ಜೆ ಕೇಳಿಸಿತು. ನಿಧಾನವಾದ ಹೆಜ್ಜೆ. ಅವಳ ಬಾಗಿಲ ಹತ್ತಿರ ಬಂದು ನಿಂತಿತು. ಕಾಜಾ ಅಕ್ಕನ ಕೈ ತಾನಾಗಿ ಕೊಡದ ಕಡೆ ಹೋಯಿತು. ಅದರ ಬಾಯಿಯವರೆಗೆ ನೀರಿತ್ತು. ಪಾದವಿರಬಹುದು. ಇಷ್ಟು ವರ್ಷವೂ ನಿಂತ ಪ್ರತಿಯೊಂದು ಹೆಜ್ಜೆಯೂ ಅವಳಿಗೆ ಆ ಒಂದೇ ಪಾದವಾಗಿತ್ತು. ಅಳುವುದಕ್ಕೆ ಜಾಗ ಹುಡುಕಿಕೊಂಡು ಬಂದವರೂ ಹೀಗೆಯೇ ಬಾಗಿಲಲ್ಲಿ ನಿಲ್ಲುತ್ತಾರೆ ಎಂಬುದು ಅವಳಿಗೆ ಎಂದೂ ಹೊಳೆದಿರಲಿಲ್ಲ.

"ಯಾರು?" ಎಂದಳು. ಅವಳದೇ ದನಿ. ತೆಳ್ಳಗೆ, ಹೊಸ ದಾರದ ಎಳೆಯ ಹಾಗೆ ಬಂತು.

ಹೆಜ್ಜೆ ತಿರುಗಿತು, ಇಳಿಯತೊಡಗಿತು.

ಕಾಜಾ ಅಕ್ಕ ಎದ್ದಳು. ಚಿಲಕದ ಮೇಲೆ ಕೈಯಿಟ್ಟು ದೇವರ ಹೆಸರು ಹೇಳಿದಳು. ತೆರೆದಳು. ಹೊರಗೆ ಯಾರೂ ಇರಲಿಲ್ಲ. ಬೂಟಿದ್ದವು, ಚಪ್ಪಲಿ ಇತ್ತು. ಮೆಟ್ಟಿಲ ಕಂಬಿ ಹಿಡಿದು ಕೆಳಗಿನ ಮಬ್ಬಿಗೆ ಬಗ್ಗಿದಳು.

"ಯಾರು ಬಂದಿದ್ರಿ? ಬರೋದಿದ್ರೆ ಬನ್ನಿ" ಎಂದಳು. "ನಾನಿದ್ದೀನಿ."

ಕೆಳಗೆಲ್ಲೋ ಒಂದು ಚಿಲಕದ ಸದ್ದಾಯಿತು. ಹಾಕಿಕೊಂಡದ್ದೋ ತೆಗೆದದ್ದೋ ಮೇಲಿನಿಂದ ತಿಳಿಯುವಂತಿರಲಿಲ್ಲ. ಕಾಜಾ ಅಕ್ಕ ಒಳಗೆ ಹೋಗಲಿಲ್ಲ. ಕಂಬಿಯ ಮೇಲೆ ಕೈಯಿಟ್ಟುಕೊಂಡು, ಬೆನ್ನ ಹಿಂದಿನ ಬಾಗಿಲನ್ನು ತೆರೆದೇ ಬಿಟ್ಟು, ಅಲ್ಲಿಯೇ ನಿಂತಳು.